ಅಕ್ಷರ ಬಿಟ್ಟು ಬಟ್ಟೆ ಒಯ್ದವನು

೧೯೩೬ನೆಯ ಇಸವಿ ಏಪ್ರಿಲ್ ೨೪, ಶುಕ್ರವಾರ. ಬೆಳಿಗ್ಗೆ ಎಂಟೂವರೆಗೆ ರೊಕ್ಕಾಸೆಲ್ವಾ ಠಾಣೆಗೆ ಇಬ್ಬರು ಒಟ್ಟಿಗೆ ದೂರು ತಂದರು. ಒಬ್ಬರು ಚರ್ಚಿನ ಪಾದ್ರಿ ದೋನ್ ಎರ್ಮೀನಿಯೊ. ಇನ್ನೊಬ್ಬ ಊರಿನ ಔಷಧದಂಗಡಿಯ ತೊರ್ಕ್ವಾತಿ. ಆಳುವ ಪಕ್ಷದ ಕರಿಯಂಗಿ ಪಡೆ ಅವನಿಗೆ ಹಳೆಯ ರೋಮಿನ ಶತಾಧಿಪತಿ ಪದವಿ ಕೊಟ್ಟಿತ್ತು. ಅಂದಿನಿಂದ ಅವನು ಜ್ವರದ ಗುಳಿಗೆಯನ್ನೂ ಆಜ್ಞೆ ಹೊರಡಿಸಿದಂತೆಯೇ ಕೊಡುತ್ತಿದ್ದ.

ಎಲ್ಲರೂ ಮರೆಶಾಲ್ಲೊ ಎಂದು ಕರೆಯುವ ಠಾಣಾಧಿಕಾರಿ ಗಾರ್ರೊನೆ ಕಾಫಿ ಬಟ್ಟಲು ಪಕ್ಕಕ್ಕಿಟ್ಟು ಲೇಖನಿ ತೆಗೆದುಕೊಂಡರು. ಅವರು ಉತ್ತರದ ಭತ್ತದ ನಾಡಿನವರು. ಈ ಬೆಟ್ಟದೂರಿಗೆ ಬಂದು ಆರು ವರ್ಷವಾಗಿತ್ತು.

"ಏನು ಕಳುವಾಗಿದೆ?"

"ಪಡೆಯ ಬಾವುಟ!" ಶತಾಧಿಪತಿ ಮೇಜು ಗುದ್ದಿದ. "ಭಾನುವಾರ ಅದಕ್ಕೆ ಆಶೀರ್ವಾದ. ಪ್ರಾಂತ್ಯದ ನಾಯಕರು ಬರ್ತಾರೆ. ಕದ್ದೋನು ಯಾರು ಅಂತ ನನಗೆ ಗೊತ್ತು. ಆಗಲೇ ಹಿಡಿದು ಕೂಡಿಸಿದೀನಿ."

"ಯಾರನ್ನ?"

"ದರ್ಜಿ ಸಬಾತೀನೊನ. ಇನ್ಯಾರನ್ನ?"

ಸಬಾತೀನೊ ಹಳೆಯ ಸಮಾಜವಾದಿ. ಸರ್ಕಾರದ ಮೇಲೆ ಏನೋ ಮಾತಾಡಿದನೆಂದು ಎರಡು ವರ್ಷ ದ್ವೀಪಕ್ಕೆ ಗಡಿಪಾರಾಗಿ ಹೋದ ನವೆಂಬರಿನಲ್ಲಿ ಮರಳಿದ್ದ.

"ದೂರು ನನ್ನ ಹತ್ತಿರ ಇದೆ, ಆರೋಪಿ ನಿಮ್ಮ ಹತ್ತಿರ ಇದಾನೆ," ಎಂದರು ಗಾರ್ರೊನೆ. "ಎರಡೂ ಒಂದೇ ಕಡೆ ಇರ್ಬೇಕು. ಕರ್ಕೊಂಡು ಬನ್ನಿ."

"ಕರ್ಕೊಂಡು ಬರ್ತೀನಿ. ಆದ್ರೆ ಸಂಜೆ ಐದಕ್ಕೆ ಜಿಲ್ಲಾ ಕೇಂದ್ರದಿಂದ ಲಾರಿ ಬರುತ್ತೆ. ಅಷ್ಟರೊಳಗೆ ಬೇರೆ ಕಳ್ಳ ಸಿಗದಿದ್ರೆ ಇವನನ್ನ ಹತ್ತಿಸಿ ಕಳಿಸ್ತೀನಿ. ಈ ಸಲ ಐದು ವರ್ಷ. ಮೇಲಿನವರ ಒಪ್ಪಿಗೆ ಆಗಿದೆ."

ಅವನು ಪ್ರಥಮ ವರ್ತಮಾನ ವರದಿಯನ್ನು ಬಗ್ಗಿ ನೋಡಿ, "ತಾರೀಕಿನ ಪಕ್ಕ ನಮ್ಮ ಪಕ್ಷದ ಯುಗದ ಹದಿನಾಲ್ಕನೇ ವರ್ಷ ಅಂತ ಬರೀಲಿಲ್ಲ," ಎಂದ. ಗಾರ್ರೊನೆ ಅದನ್ನೂ ಬರೆದರು.

ಒಂಬತ್ತೂವರೆಗೆ ಚರ್ಚಿನಲ್ಲಿ ಪಂಚನಾಮೆ. ಪಾದ್ರಿಗಳೂ ಶತಾಧಿಪತಿಯೂ ಜೊತೆಗಿದ್ದರು. ಕಾನ್‌ಸ್ಟೇಬಲ್ ಕಾಲೊಜೆರೊ ಟೇಪು ಹಿಡಿದು ಹಿಂದೆ ಬಂದ. ಅವನು ಸಿಸಿಲಿಯವನು. ಬಾಯಿ ಸುಮ್ಮನಿರುತ್ತಿರಲಿಲ್ಲ.

ಬಾವುಟ ಇದ್ದದ್ದು ಚರ್ಚಿನ ಹಿಂಕೋಣೆಯಲ್ಲಿ, ಪೂಜಾವಸ್ತ್ರಗಳ ಬೀರುವಿನಲ್ಲಿ. ಬೀರುವಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಸಂತ ಅಂತೋನಿಯ ಮೂರ್ತಿಯ ಕಾಲ ಬಳಿ ಇತ್ತು.

"ಇದು ಇಲ್ಲಿರುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು ಸ್ವಾಮಿ?"

"ಎಷ್ಟು ಜನಕ್ಕೆ ಜ್ಞಾನಸ್ನಾನ ಕೊಟ್ಟಿದೀನೋ ಅಷ್ಟು ಜನಕ್ಕೆ," ಎಂದರು ಪಾದ್ರಿಗಳು.

"ಕೊನೇ ಸಲ ಬಾವುಟ ನೋಡಿದ್ದು?"

"ನಿನ್ನೆ ಬೆಳಿಗ್ಗೆ. ಮಧ್ಯಾಹ್ನದ ಮೇಲೆ ನಾನಿರಲಿಲ್ಲ. ಬಡಗಿ ದೊನಾತೊ ಹೆಂಡತಿ ಫಿಲೊಮೇನಾಗೆ ಕೊನೇ ಎಣ್ಣೆ ಹಚ್ಚೋಕೆ ಹೋಗಿದ್ದೆ. ಪಾಪ, ಹೊರಟೇ ಹೋದ್ಲು. ಇವತ್ತು ನಾಲ್ಕಕ್ಕೆ ಮಣ್ಣು."

"ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಗಂಟೆ ಹೊಡೆಯೋನು. ಕನ್ಯಾಮಠದ ಸಿಸ್ಟರು. ದೊನಾತೊ ಎರಡು ಸಲ ಬಂದ. ನಿನ್ನೆ ಸಾವಿನ ಗಂಟೆ ಹೊಡೆಸೋಕೆ, ಇವತ್ತು ಮುಂಜಾನೆ ಮೇಣದ ಬತ್ತಿಗೆ. ಸಾವಿನ ಮನೆಯವರನ್ನ ಲೆಕ್ಕಕ್ಕೆ ತಗೋಬೇಡಿ."

ಗಾರ್ರೊನೆಯೂ ಆಗ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಬಾವುಟದ ಕೋಲು ಗೋಡೆಗೆ ಒರಗಿಕೊಂಡು ನಿಂತಿತ್ತು. ಕಾಲೊಜೆರೊ ಬೀರುವಿನ ಒಂದೊಂದೇ ಖಾನೆ ಎಳೆದು ನೋಡಿದ. ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ, ವೇದಿಕೆಗೆ ಹಾಸುವ ಬಿಳಿ ಬಟ್ಟೆಗಳ ಮೇಲೆ, ಇಸ್ತ್ರಿ ಮಾಡಿದ ಕರವಸ್ತ್ರದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಒಳಗೆ ಚಿನ್ನದ ಜರಿಯ ಅಕ್ಷರಗಳು. ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಪಕ್ಕದಲ್ಲಿ ಬಾವುಟದ ಅಂಚಿನ ಜರಿಕುಚ್ಚು ಸುರುಳಿ ಸುತ್ತಿಕೊಂಡು ಕೂತಿತ್ತು. ಒಂದೆಳೆಯೂ ಕಳೆದಿರಲಿಲ್ಲ.

ಮೇಜಿನ ಮೇಲೆ ಜೋಡಿಸಿದಾಗ ಲ್ಯಾಟಿನ್ ಧ್ಯೇಯವಾಕ್ಯ ಪೂರ್ತಿ ಬಂತು. ಫೆರ್ರೊ ಎತ್ ಇನ್ಯಿ.

"ಹಂಗಂದ್ರೇನು ಸ್ವಾಮಿ?" ಎಂದ ಕಾಲೊಜೆರೊ.

ಉತ್ತರ ಕೊಟ್ಟವನು ಶತಾಧಿಪತಿ. "ಕಬ್ಬಿಣದಿಂದ, ಬೆಂಕಿಯಿಂದ."

"ಓ, ನಮ್ಮೂರ ಕಮ್ಮಾರನ ಅಂಗಡಿಗೂ ಒಂದು ಬೋರ್ಡು ಬೇಕಿತ್ತು."

"ಕಾಲೊಜೆರೊ, ಟೇಪು ಹಿಡಿ," ಎಂದರು ಗಾರ್ರೊನೆ.

ಹೊಲಿಗೆಯನ್ನು ಹಿಂದಿನಿಂದ ಹರಿತವಾದ ಅಲಗಿನಲ್ಲಿ ಕತ್ತರಿಸಿದ್ದರು. ಶತಾಧಿಪತಿಯ ಮುಖ ಅರಳಿತು. "ನೋಡಿದ್ರಾ? ದರ್ಜಿ ಕೈ! ಇಷ್ಟು ಚೆನ್ನಾಗಿ ಬೇರೆ ಯಾರು ಬಿಚ್ತಾರೆ?"

ಗಾರ್ರೊನೆ ಜಪ್ತಿಪಟ್ಟಿ ಬರೆದು ಪಂಚರ ಸಹಿ ಹಾಕಿಸಿದರು. ಠಾಣೆಯ ಕಡೆ ಇಳಿದು ಬರುವಾಗ ಕಾಲೊಜೆರೊ ಕೇಳಿದ, "ಇದೆಂಥಾ ಕಳ್ಳ ಮರೆಶಾಲ್ಲೊ? ಚಿನ್ನ ಬಿಟ್ಟು ಚಿಂದಿ ಹೊತ್ಕೊಂಡು ಹೋಗಿದಾನೆ."

ಗಾರ್ರೊನೆಗೂ ಅದೇ ಚಿಂತೆಯಾಗಿತ್ತು. ದುಡ್ಡಿಗೆ ಕದ್ದವನು ಜರಿಯನ್ನು ಒಯ್ಯಬೇಕಿತ್ತು. ಹಗೆಗೆ ಕದ್ದವನಾದರೆ ಆ ವಾಕ್ಯವನ್ನು ಹರಿದು ಚರಂಡಿಗೆ ಎಸೆಯಬೇಕಿತ್ತು. ಈ ಕಳ್ಳ ಅದನ್ನು ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಕಟ್ಟಿ ದೇವರ ಬಟ್ಟೆಗಳ ನಡುವೆ ಇಟ್ಟುಹೋಗಿದ್ದ. ಅವನಿಗೆ ಬೇಕಾದದ್ದು ಬರೀ ಕಪ್ಪು ರೇಷ್ಮೆ.

ಸಬಾತೀನೊನನ್ನು ಠಾಣೆಗೆ ತರುವ ಹೊತ್ತಿಗೆ ಅವನ ತುಟಿ ಒಡೆದಿತ್ತು. ಗಾರ್ರೊನೆ ನೀರು ಕೊಡಿಸಿದರು.

"ನಿನ್ನೆ ಮಧ್ಯಾಹ್ನದ ಮೇಲೆ ಎಲ್ಲಿದ್ದೆ?"

"ಮನೇಲಿ. ಹಳೇ ಕೋಟು ಒಳಮೈ ಹೊರಗೆ ತಿರುವಿ ಹೊಲೀತಿದ್ದೆ."

"ನೋಡಿದೋರು?"

"ನನ್ನ ಬಾಗಿಲ ಎದುರಿಗೆ ಒಬ್ಬ ಕರಿಯಂಗಿಯವನನ್ನ ಕೂರಿಸಿದಾರಲ್ಲ, ಅವನನ್ನ ಕೇಳಿ. ನಾನು ಸೀನಿದ್ರೂ ಬರ್ಕೊಳ್ತಾನೆ."

"ಕೇಳ್ದೆ. ನಿನ್ನೆ ನಿನ್ನನ್ನ ನೋಡಿಲ್ಲವಂತೆ."

ಸಬಾತೀನೊ ನಗಲು ಹೋಗಿ ತುಟಿ ಹಿಡಿದುಕೊಂಡ. "ನೋಡೋದು ಹೆಂಗೆ? ಅವನು ಹೆಂಡದಂಗಡೀಲಿದ್ದ. ಅದನ್ನ ಒಪ್ಕೊಂಡ್ರೆ ಅವನ ಕೆಲಸ ಹೋಗುತ್ತೆ. ಒಪ್ದೆ ಹೋದ್ರೆ ನಾನು ಹೋಗ್ತೀನಿ. ಯಾವುದು ಸುಲಭ ನೀವೇ ಹೇಳಿ."

"ಮನೇಲಿ ಕಪ್ಪು ರೇಷ್ಮೆ ಇದೆಯಾ?"

"ಈ ಊರಲ್ಲಿ ನನ್ನ ಹತ್ರ ರೇಷ್ಮೆ ಹೊಲಿಸೋಕೆ ಯಾರು ಬರ್ತಾರೆ ಮರೆಶಾಲ್ಲೊ? ತೇಪೆ ಹಾಕಿಸೋಕೆ ಬರೋರೂ ಹಿಂಬಾಗಿಲಲ್ಲಿ ಬರ್ತಾರೆ."

ಶೋಧನೆಯಲ್ಲೂ ತೇಪೆಯ ಚೂರುಗಳು ಮಾತ್ರ ಸಿಕ್ಕವು. ಅವನ ಹೆಂಡತಿ ಅಸುಂತಾ ಕೂಸನ್ನು ಸೊಂಟದ ಮೇಲೆ ಹೊತ್ತು ಠಾಣೆಯ ಮೆಟ್ಟಿಲ ಬಳಿ ನಿಂತಿದ್ದಳು. ಅವಳು ಅಳಲಿಲ್ಲ. "ಇವನು ದ್ವೀಪದಲ್ಲಿದ್ದಾಗ ಇದು ಹುಟ್ಟಿದ್ದು," ಎಂದಳು. "ಬಂದ ಹೊಸದರಲ್ಲಿ ಅಪ್ಪನ್ನ ನೋಡಿದ್ರೆ ಕಿರುಚ್ತಿತ್ತು. ಈಗ ಅವನ ತೋಳ ಮೇಲೆ ಮಲಗೋದು ಕಲ್ತಿದೆ. ಐದು ವರ್ಷ ಆದ್ಮೇಲೆ ಬಂದ್ರೆ ಮತ್ತೆ ಯಾರೋ ಅನ್ಕೊಳ್ಳುತ್ತೆ, ಅಲ್ವಾ?"

ಗಾರ್ರೊನೆ ಟೋಪಿ ಹಾಕಿಕೊಂಡು ಹೊರಟರು.

ಹನ್ನೆರಡು ಗಂಟೆಗೆ ಕನ್ಯಾಮಠ. ಬಾವುಟ ಕಸೂತಿ ಮಾಡಿದವರು ಸಿಸ್ಟರ್ ದೊರೊತೆಯಾ. ಅವರು ಕೈಯಲ್ಲಿದ್ದ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆಯೇ ಮಾತಾಡಿದರು.

"ಬಟ್ಟೆ ಎಲ್ಲಿಂದ ಬಂತು?"

"ಔಷಧದಂಗಡಿಯಿಂದ ಮೂಟೆ ಬಂತು. ಫೆಬ್ರವರೀಲಿ ಬಾವುಟಕ್ಕೆ ಅಂತ ಮನೆಮನೆಯಿಂದ ಕಪ್ಪು ಬಟ್ಟೆ ಎತ್ತಿದ್ರಲ್ಲ. ಯುದ್ಧದ ಕಾಲ, ಅಂಗಡೀಲಿ ರೇಷ್ಮೆ ಎಲ್ಲಿ ಸಿಗ್ತಿತ್ತು? ಹೆಚ್ಚಿನವು ಚಿಂದಿ. ಒಂದು ಮಾತ್ರ ಅಪರಂಜಿ."

"ಹೊಸ ರೇಷ್ಮೆ ಥಾನೋ?"

"ಉಡುಪು. ಮದುವೆ ಉಡುಪು. ಒಂದೇ ದಿನ ಉಟ್ಟು ಎತ್ತಿಟ್ಟಿದ್ದು. ಅದನ್ನ ಬಿಚ್ಚೋಕೆ ನನಗೇ ಕೈ ಬರಲಿಲ್ಲ. ಲಂಗದ ಭಾಗ ಪೂರ್ತಿ ಬಾವುಟಕ್ಕೆ ಆಯ್ತು. ಮಿಕ್ಕಿದ ಚೂರಿನಲ್ಲಿ ಕೋಲಿನ ಗವಸು ಹೊಲಿದೆ."

"ಯಾರದು?"

"ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ."

ಮಠದಿಂದ ಇಳಿಯುವ ದಾರಿಯಲ್ಲಿ ಗಾರ್ರೊನೆಗೆ ತಮ್ಮ ತಾಯಿಯ ನೆನಪಾಯಿತು. ಈ ಬೆಟ್ಟದಂತೆಯೇ ಅವರ ಭತ್ತದ ಊರಿನಲ್ಲೂ ಬಡವರ ಮನೆಯ ಹೆಣ್ಣು ಕಪ್ಪು ರೇಷ್ಮೆಯಲ್ಲೇ ಮದುವೆಯಾಗುತ್ತಿದ್ದಳು. ಆಮೇಲೆ ಅದು ಪೆಟ್ಟಿಗೆ ಸೇರುತ್ತಿತ್ತು. ವರ್ಷಕ್ಕೊಮ್ಮೆ ನೆರಳಿನಲ್ಲಿ ಹರವಿ ಗಾಳಿಗಾರಿಸಿ ಮತ್ತೆ ಮಡಚಿಡುತ್ತಿದ್ದರು. ಅದನ್ನು ಎರಡನೆಯ ಸಲ ಉಡುವುದು ಶವಪೆಟ್ಟಿಗೆಯಲ್ಲಿ. ಅಮ್ಮ ಅದನ್ನು ಗಾಳಿಗಾರಿಸುವ ದಿನ ಪದ ಗುನುಗುತ್ತಿದ್ದಳು. ಮಕ್ಕಳು ಮುಟ್ಟಹೋದರೆ ಕೈ ಮೇಲೆ ಹೊಡೆಯುತ್ತಿದ್ದಳು.

ಅವರು ಅಲ್ಲೇ ನಿಂತರು. ನಂತರ ಔಷಧದಂಗಡಿಯ ಕಡೆ ತಿರುಗಿದರು.

"ಫೆಬ್ರವರೀಲಿ ನಿಮ್ಮ ಕೈಗೆ ಒಂದು ಮದುವೆ ಉಡುಪು ಬಂದಿತ್ತು. ಯಾರದು?"

ಶತಾಧಿಪತಿ ಹೆಮ್ಮೆಯಿಂದಲೇ ಹೇಳಿದ. "ಬಡಗಿ ದೊನಾತೊ ತಾನಾಗಿ ತಂದುಕೊಟ್ಟದ್ದು. ಮಗ ನಿಕೋಲಾ ನಮ್ಮ ಪಡೇಲಿ ಆಫ್ರಿಕಾಕ್ಕೆ ಹೋಗಿದಾನೆ. ನಾನೇ ಹೇಳ್ದೆ, ನಿನ್ನ ಮಗ ವಾಪಸ್ ಬಂದಾಗ ಅಮ್ಮನ ರೇಷ್ಮೆ ಕೆಳಗೇ ಮೆರವಣಿಗೆ ಹೋಗ್ತಾನೆ ಅಂತ. ಮುದುಕನ ಕಣ್ಣಲ್ಲಿ ನೀರು ಬಂತು. ಬಾವುಟದ ಕೋಲನ್ನೂ ಪುಕ್ಕಟೆ ಮಾಡಿಕೊಟ್ಟ."

"ಅಂದ್ರೆ ನಿನ್ನೆ ಸತ್ತಳಲ್ಲ, ಆ ಫಿಲೊಮೇನಾದು."

ಶತಾಧಿಪತಿಯ ಕೈ ತಕ್ಕಡಿಯ ಮೇಲೆ ನಿಂತಿತು.

"ದೊನಾತೊ ಅದನ್ನ ವಾಪಸ್ ಕೇಳೋಕೆ ಬಂದಿದ್ನಾ?"

"ಮಂಗಳವಾರ ಬಂದಿದ್ದ. ಹೆಂಡತಿಗೆ ಹನಿ ಔಷಧಿ ಒಯ್ಯೋಕೆ. ಏನೋ ಗೊಣಗ್ತಿದ್ದ."

"ಏನೋ ಅಂದ್ರೆ?"

"ಬೇರೆ ಬಟ್ಟೆ ತಂದುಕೊಡ್ತೀನಿ, ಅದನ್ನ ಕೊಡಿ ಅಂತ. ಅಂಗಡೀಲಿ ಜನ ಇದ್ರು. ರೋಮ್ ಏನು ಬಾಡಿಗೆ ಬಟ್ಟೆ ಅಂಗಡೀನಾ ಅಂತ ತಮಾಷೆ ಮಾಡ್ದೆ. ಎಲ್ಲರೂ ನಕ್ರು. ಅವನೂ ನಕ್ಕ."

"ಇದನ್ನ ಹೇಳಿಕೆಯಾಗಿ ಬರ್ಕೋತೀನಿ. ಕೆಳಗೆ ಸಹಿ ಹಾಕಿ."

"ಇದಕ್ಕೂ ಕೇಸಿಗೂ ಏನು ಸಂಬಂಧ?"

"ಸಹಿ ಹಾಕಿ."

ಅವನು ಹಾಕಿದ. 

ಬಡಗಿಯ ಮನೆ ಊರ ಕೊನೆಯಲ್ಲಿ. ಗಾರ್ರೊನೆ ಕಾಲೊಜೆರೊನ ಜೊತೆ ಹೋದಾಗ ಮೂರೂಕಾಲು. ಕೆಳಗಿನ ಕೆಲಸದ ಕೋಣೆಯಲ್ಲೇ ಶವಪೆಟ್ಟಿಗೆಯನ್ನು ಹಲಗೆ ಕೊಯ್ಯಲು ಬಳಸುವ ಎರಡು ಮರದ ಕುದುರೆಗಳ ಮೇಲೆ ಇಟ್ಟಿದ್ದರು. ಸುತ್ತ ನೆರೆಯ ಹೆಂಗಸರು ಜಪಮಾಲೆ ಹಿಡಿದು ಕೂತಿದ್ದರು. ಯಾರೋ ಸಾವಿನ ಮನೆಗೆಂದು ಬೇಯಿಸಿ ತಂದ ಕಾಳುಸಾರು ಒಲೆಯ ಪಕ್ಕ ಮುಚ್ಚಿಟ್ಟ ಹಾಗೇ ಇತ್ತು. ದೊನಾತೊ ಮುಚ್ಚಳದ ಅಂಚಿಗೆ ಉಜ್ಜುಗಾಗದ ತಿಕ್ಕುತ್ತಿದ್ದ.

"ಸಾಕು ಬಿಡು ದೊನಾತೊ ಮಾವ," ಎಂದಳೊಬ್ಬಳು. "ಕನ್ನಡಿ ಹಂಗಾಗಿದೆ."

"ಸಿಬರು ಇದೆ," ಎಂದು ಅವನು ತಿಕ್ಕುತ್ತಲೇ ಇದ್ದ.

ಗಾರ್ರೊನೆ ಶಿಲುಬೆಯ ಗುರುತು ಮಾಡಿ ಪೆಟ್ಟಿಗೆಯ ಬಳಿ ನಿಂತರು. ಫಿಲೊಮೇನಾ ಬಹಳ ಸಣ್ಣಗಾಗಿ ಹೋಗಿದ್ದಳು. ಮೇಲೆ ಬಿಳಿ ಕುಪ್ಪಸ. ಸೊಂಟದಿಂದ ಪಾದದವರೆಗೆ ಕಪ್ಪು ರೇಷ್ಮೆ, ಲಂಗದಂತೆ ನಿರಿಗೆ ಹಿಡಿದು ಹೊದಿಸಿದ್ದು. ಪಡುವಣದ ಕಿಟಕಿಯ ಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದಿತ್ತು. ಆ ಬೆಳಕಿನಲ್ಲಿ ಸೂಜಿ ಚುಚ್ಚಿದ ತೂತುಗಳು ಸಾಲಾಗಿ ಕಂಡವು. ಒಂದು ಎಫ್, ಒಂದು ಇ, ನಿರಿಗೆಯೊಳಗೆ ಮುಳುಗಿ ಮತ್ತೆ ಮೇಲೆದ್ದ ಒಂದು ಓ.

ಹೆಂಗಸರ ಪ್ರಾರ್ಥನೆ ಒಂದು ಕ್ಷಣ ತಡವರಿಸಿ ಮತ್ತೆ ಜೋರಾಗಿ ಮುಂದುವರಿಯಿತು. ಅವರೆಲ್ಲರಿಗೂ ಗೊತ್ತಿತ್ತು.

"ದೊನಾತೊ, ಸ್ವಲ್ಪ ಹೊರಗೆ ಬಾ."

ಅಂಗಳದಲ್ಲಿ ಹಲಗೆಗಳ ರಾಶಿಯ ಪಕ್ಕ ನಿಂತ ಕೂಡಲೇ ಮುದುಕನೇ ಹೇಳಿದ, "ನಾನೇ ಮರೆಶಾಲ್ಲೊ. ಈಗ ಅವಳ ಮೈಮೇಲಿಂದ ತೆಗೀತೀರಾ?"

ಗಾರ್ರೊನೆಗೆ ಕಾನೂನು ಗೊತ್ತಿತ್ತು. ಕದ್ದ ಮಾಲನ್ನು ಕಂಡಲ್ಲಿ ಜಪ್ತಿ ಮಾಡಬೇಕು. ಅದನ್ನು ಒಪ್ಪಿಸಿದರೆ ಭಾನುವಾರ ಬಾವುಟ ಹಾರುತ್ತದೆ, ಶತಾಧಿಪತಿ ತಣ್ಣಗಾಗುತ್ತಾನೆ, ಸಬಾತೀನೊ ಮನೆಗೆ ಹೋಗುತ್ತಾನೆ. ಒಳಗೆ ಹೋಗಿ ಒಂದು ಬಟ್ಟೆ ಎಳೆದುಕೊಂಡರೆ ಮುಗಿಯಿತು.

"ದರ್ಜೀನ ಹಿಡಿದಿರೋದು ನಿನಗೆ ಗೊತ್ತಾ?"

"ಈಗ ಮಧ್ಯಾಹ್ನ ಗೊತ್ತಾಯ್ತು. ಮಣ್ಣು ಮಾಡಿದ ತಕ್ಷಣ ನಾನೇ ಬರೋನಿದ್ದೆ. ಇವಳನ್ನ ಬಿಟ್ಟು ಮೊದಲೇ ಹೆಂಗೆ ಬರ್ಲಿ?"

"ಲಾರಿ ಐದಕ್ಕೆ ಬರುತ್ತೆ."

"ಹಂಗಾದ್ರೆ ಈಗಲೇ ಬರ್ಕೊಳ್ಳಿ. ಎಲ್ಲಿ ಸಹಿ ಹಾಕಲಿ?"

ಗಾರ್ರೊನೆ ಹಲಗೆಯ ರಾಶಿಯ ಮೇಲೆ ಕಾಗದವಿಟ್ಟು ತಪ್ಪೊಪ್ಪಿಗೆಯನ್ನು ಚುಟುಕಾಗಿ ಬರೆದರು. ದೊನಾತೊ ಬಡಗಿಯ ಪೆನ್ಸಿಲಿನಲ್ಲೇ ಹೆಸರು ಬರೆದ. ಕಾಲೊಜೆರೊನ ಕೈಗೆ ಕಾಗದ ಕೊಟ್ಟು ಗಾರ್ರೊನೆ ಹೇಳಿದರು, "ಓಡು. ಲಾರಿ ಬಂದ್ರೂ ದರ್ಜೀನ ಯಾರ ಕೈಗೂ ಒಪ್ಪಿಸ್ಬೇಡ."

"ಶತಾಧಿಪತಿ ಕೂಗಾಡಿದ್ರೆ?"

"ಕೂಗಾಡ್ಲಿ. ನಂಗೆ ಉತ್ತರದವರ ಮಾತೂ ಅರ್ಥ ಆಗಲ್ಲ, ಇಲ್ಲಿಯವರ ಮಾತೂ ಅರ್ಥ ಆಗಲ್ಲ ಅನ್ನು."

"ಅದು ನಿಜಾನೇ ಅಲ್ವಾ ಮರೆಶಾಲ್ಲೊ," ಎನ್ನುತ್ತ ಅವನು ಓಡಿದ.

ದೊನಾತೊ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

"ಹೋಗಿ ಮುಚ್ಚಳ ಹಾಕು," ಎಂದರು ಗಾರ್ರೊನೆ.

ಸರಿಯಾಗಿ ನಾಲ್ಕಕ್ಕೆ ಪೆಟ್ಟಿಗೆ ಎತ್ತಿದರು. ಗಾರ್ರೊನೆ ಟೋಪಿ ಕೈಯಲ್ಲಿ ಹಿಡಿದು ಗಂಡಸರ ಸಾಲಿನ ಕೊನೆಯಲ್ಲಿ ನಡೆದರು. ಪಾದ್ರಿಗಳು ಪ್ರಾರ್ಥನೆಯ ನಡುವೆ ಒಮ್ಮೆ ಅವರ ಕಡೆ ನೋಡಿದರು. ಮತ್ತೆ ನೋಡಲಿಲ್ಲ. ಮಣ್ಣು ಮುಚ್ಚಿದ ಮೇಲೆ ದೊನಾತೊ ಸನಿಕೆಯನ್ನು ತಿರುಗಿಸಿ ಒರೆಸಿ ಅದರ ಒಡೆಯನಿಗೆ ಕೊಟ್ಟು, ಸ್ಮಶಾನದ ಗೇಟಿನ ಬಳಿ ಬಂದು ನಿಂತ. ಅಲ್ಲಿ, ನಾಲ್ಕೂ ಐವತ್ತಕ್ಕೆ, ಗಾರ್ರೊನೆ ಅವನನ್ನು ದಸ್ತಗಿರಿ ಮಾಡಿದರು.

ಠಾಣೆಯ ಮುಂದೆ ಲಾರಿ ಗುರುಗುಟ್ಟುತ್ತಿತ್ತು. ಶತಾಧಿಪತಿ ಕೆಂಪಗಾಗಿದ್ದ.

"ಬಾವುಟ ಎಲ್ಲಿ? ಹೂತುಬಿಟ್ರಾ? ನೀವೂ ಅಲ್ಲೇ ಇದ್ರಂತೆ! ಅಗೆಸ್ತೀನಿ!"

"ಅಗೆಸಬಹುದು," ಗಾರ್ರೊನೆ ಕುರ್ಚಿ ಎಳೆದುಕೊಂಡರು. "ಅರ್ಜಿ ಕೊಡಿ, ಜಿಲ್ಲಾಧಿಕಾರಿಗೆ ಕಳಿಸ್ತೀನಿ. ಅರ್ಜಿ ಜೊತೆ ಕೇಸಿನ ಕಡತವೂ ಹೋಗ್ಬೇಕು. ಅದರಲ್ಲಿ ಮಂಗಳವಾರದ ಬಗ್ಗೆ ನಿಮ್ಮ ಹೇಳಿಕೆ ಇದೆ. ಯುದ್ಧಭೂಮಿಯಲ್ಲಿರೋ ಸಿಪಾಯಿಯ ಅಮ್ಮ ಸಾಯ್ತಾ ಇದ್ದಾಗ ಅವಳ ಗಂಡ ಉಡುಪು ವಾಪಸ್ ಕೇಳಿದ, ಅಂಗಡೀಲಿ ಎಲ್ಲರೂ ನಕ್ಕರು ಅಂತ. ನಾಳೆ ನಿಕೋಲಾ ಊರಿಗೆ ಬಂದಾಗ, ನಿಮ್ಮಮ್ಮನ್ನ ಅಗೆದು ಬಟ್ಟೆ ಬಿಚ್ಚಿದ್ವಿ ಅಂತ ಅವನಿಗೆ ಹೇಳೋರು ಯಾರು? ನೀವಾ, ನಾನಾ?"

ಶತಾಧಿಪತಿ ಲಾರಿಯ ಕಡೆ ನೋಡಿದ. ಅವನೂ ಇದೇ ಊರಲ್ಲಿ ಹುಟ್ಟಿದವನು. ಅವನ ಅಜ್ಜಿಯೂ ಹಾಗೇ ಮದುವೆಯ ರೇಷ್ಮೆ ಉಟ್ಟು ಮಣ್ಣಾದವಳು. "ಅಕ್ಷರ ಕೊಡಿ," ಎಂದ ಕೊನೆಗೆ. "ಮನೇಲಿ ಬೇರೆ ಬಟ್ಟೆ ನೋಡ್ತೀನಿ." ಕರವಸ್ತ್ರದ ಗಂಟಿಗೆ ರಸೀದಿ ಬರೆದುಕೊಟ್ಟು ಹೋದ. ಲಾರಿ ಖಾಲಿಯೇ ಹಿಂದಿರುಗಿತು.

ಸಬಾತೀನೊ ಮೆಟ್ಟಿಲಿಳಿದು ಹೋಗುವಾಗ ಬೆಂಚಿನ ಮೇಲಿದ್ದ ಮುದುಕನ ಮುಂದೆ ನಿಂತ. "ಬಿಚ್ಚಿದ ಕೆಲಸ ಅಚ್ಚುಕಟ್ಟಾಗಿತ್ತಂತೆ ಮಾವ. ನಿಮ್ಮಿಂದ ನನ್ನ ಹೆಸರು ಕೆಡ್ತು."

"ಕ್ಷಮಿಸಪ್ಪ," ಎಂದ ದೊನಾತೊ. "ನಿನ್ನ ತುಟಿಗೆ ಏನಾದ್ರೂ ಹಚ್ಚಿಸ್ಕೋ."

ವಿವರವಾದ ಹೇಳಿಕೆಯನ್ನು ಗಾರ್ರೊನೆ ಆಮೇಲೆ ಬರೆದುಕೊಂಡರು. ಕಾಲೊಜೆರೊ ತನ್ನ ಪಾಲಿನ ರೊಟ್ಟಿ, ಚೀಸು ತಂದು ಮುದುಕನ ಮುಂದಿಟ್ಟ. ಅವನು ರೊಟ್ಟಿಯ ಅಂಚು ಮುರಿದು ಕೈಯಲ್ಲೇ ಹಿಡಿದುಕೊಂಡ.

"ಫೆಬ್ರವರೀಲಿ ಕೊಟ್ಟಿದ್ದು ನೀನೇ."

"ನಾನೇ. ಅವಳಿಗೆ ಹೇಳಲಿಲ್ಲ. ಹಾಸಿಗೆ ಹಿಡಿದಿದ್ಲು. ಏಳ್ತಾಳೆ ಅಂತ ನಂಬಿದ್ದೆ. ಎದ್ಮೇಲೆ ಬೈಸ್ಕೊಂಡ್ರಾಯ್ತು, ಮಗನಿಗೋಸ್ಕರ ಅಂದ್ರೆ ಸುಮ್ಮನಾಗ್ತಾಳೆ ಅಂದ್ಕೊಂಡೆ."

"ಆಮೇಲೆ?"

"ಈಸ್ಟರ್ ಕಳೆದ ಮೇಲೆ ಕೇಳಿದ್ಲು, ಉಡುಪು ಗಾಳಿಗಾರ್ಸಿದೀಯಾ ಅಂತ. ಹೂಂ ಅಂದೆ. ದಿನಾ ಕೇಳೋಳು. ದಿನಾ ಹೂಂ ಅಂದೆ."

"ನಿನ್ನೆ ಬಾವುಟ ಒಯ್ದೆ. ಇವತ್ತು ಮುಂಜಾನೆ ಅಕ್ಷರ ಯಾಕೆ ವಾಪಸ್ ಇಟ್ಟೆ?"

ಮುದುಕನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. "ಅಕ್ಷರ ಅವರದು. ಬಟ್ಟೆ ನಮ್ಮದು. ಅವರದ್ಯಾಕೆ ನಂಗೆ? ಅದೂ ಅಲ್ದೆ ಕಬ್ಬಿಣ, ಬೆಂಕಿ ಅಂತೆಲ್ಲ ಬರೆದಿದ್ದನ್ನ ಉಟ್ಕೊಂಡು ಅವಳು ದೇವರ ಮುಂದೆ ಹೋಗೋದು ಹೆಂಗೆ? ಅವಳು ಒಂದು ಕೋಳಿ ಕೊಯ್ಯೋಕೂ ನನ್ನನ್ನೇ ಕರೀತಿದ್ಲು."

ಗಾರ್ರೊನೆ ಎಲ್ಲವನ್ನೂ ಬರೆದರು. ಕಳವಿನ ಉದ್ದೇಶ ಎಂಬಲ್ಲಿ ಬಂದು ಲೇಖನಿ ನಿಂತಿತು.

"ಬೇರೆ ಬಟ್ಟೆ ಉಡಿಸಬಹುದಿತ್ತಲ್ಲ ದೊನಾತೊ? ಭಾನುವಾರಕ್ಕೆ ಉಡೋದು ಒಂದು ಇದ್ದೇ ಇರ್ತಿತ್ತು."

ದೊನಾತೊ ತಲೆಯಾಡಿಸಿದ. "ಅದನ್ನ ಹೊಲಿದಿದ್ದು ಅವಳಮ್ಮ. ಒಂದು ಚಳಿಗಾಲ ಪೂರ್ತಿ ಕೂತು ಹೊಲಿದ್ಲು. ನಮ್ಮ ಮದುವೆ ಆದ ವಾರಕ್ಕೇ ಕೆಮ್ಮಿ ತೀರ್ಕೊಂಡ್ಲು. ಮಗಳನ್ನ ಕೊನೇ ಸಲ ಕಣ್ತುಂಬ ನೋಡಿದ್ದು ಆ ಉಡುಪಲ್ಲೇ. ಆಗ ಫಿಲೊಮೇನಾಗೆ ಹತ್ತೊಂಬತ್ತು. ಈ ಎತ್ತರ, ದಪ್ಪ ಜಡೆ."

ಅವನು ರೊಟ್ಟಿಯ ಚೂರನ್ನು ಮೇಜಿನ ಮೇಲಿಟ್ಟ.

"ಈಗ ಅವಳು ಹೆಂಗಾಗಿದ್ಲು ನೀವೇ ನೋಡಿದ್ರಲ್ಲ. ಹಲ್ಲಿಲ್ಲ, ಕೂದಲಿಲ್ಲ, ನನ್ನ ತೋಳಷ್ಟೂ ಭಾರ ಇಲ್ಲ. ಸಾಯೋಕೆ ಮುಂಚೆ ಅದನ್ನೇ ಹೇಳಿದ್ಲು ಮರೆಶಾಲ್ಲೊ. ಅಲ್ಲಿ ಅಷ್ಟು ಜನ ಇರ್ತಾರೆ, ಉಡುಪು ಇಲ್ದೆ ಹೋದ್ರೆ ನಮ್ಮಮ್ಮ ನನ್ನನ್ನ ಗುರುತು ಹಿಡಿಯೋದು ಹೆಂಗೆ ಅಂತ."